ಚಪ್ಪಲಿ ಬಿದ್ದ ಹೊಂಡ, ನಾಲ್ಕು ಅಕ್ಷರ

ನಮ್ಮಕ್ಕ ಸಾವಕ್ಕನ ಕಣ್ಣಿಗೆ ಪೊರೆ ಬಂದಿದೆ ಎಂದು ನನ್ನ ಹೆಂಡತಿ ಬನಶ್ರೀ ಬೇಸಿಗೆಯಿಂದಲೇ ಹೇಳುತ್ತಿದ್ದಳು. ಮಜ್ಜಿಗೆಯನ್ನು ಲೋಟದ ಹೊರಗೆ ಸುರಿಯುತ್ತಾಳೆ, ಹೊಸ್ತಿಲನ್ನು ಕಾಲಿನಿಂದ ತಡವಿ ದಾಟುತ್ತಾಳೆ, ಬೇಗ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿ, ತಡಮಾಡಿದರೆ ಕಣ್ಣೇ ಹೋದೀತು ಎಂದು ನನ್ನ ಬೆನ್ನು ಹತ್ತಿದ್ದಳು. ಅಕ್ಕನನ್ನು ಕೇಳಿದರೆ ಅವಳದು ಒಂದೇ ಮಾತು.

"ದಿನಾ ನಿಮಗ ಪದಬಂಧ ಓದಿ ಹೇಳ್ತೀನಿ. ಕಣ್ಣ ಹ್ವಾದಾಕಿ ಓದ್ತಾಳೇನ?"

ಓದಿ ಹೇಳುತ್ತಿದ್ದದ್ದಂತೂ ಖರೇನೇ.

ಗಜೇಂದ್ರಗಡದ ನಮ್ಮ ಮಗ್ಗದ ಮನೆಯಲ್ಲಿ ಎರಡು ಮಗ್ಗ. ಒಂದರ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂರುವವನು ನಾನು, ಕಳಕೇಶ. ಇನ್ನೊಂದರಲ್ಲಿ ನಮ್ಮಲ್ಲಿ ಕೂಲಿಗೆ ನೇಯುವ ಉಡಚಪ್ಪ. ಸೀರೆ ನೇಯುವವನಿಗೆ ಕೈ, ಕಾಲು, ಕಣ್ಣು ಯಾವುದಕ್ಕೂ ಬಿಡುವಿಲ್ಲ. ಖಾಲಿ ಇರುವುದು ಕಿವಿ ಮತ್ತು ಬಾಯಿ ಮಾತ್ರ. ಅದಕ್ಕೇ ಅಕ್ಕ ರಾಟೆಯ ಮುಂದೆ ಕೂತು ಲಾಳಿಗೆ ನೂಲು ಸುತ್ತುತ್ತಾ, ನಡುನಡುವೆ ಪೇಪರು ಹಿಡಿದು ಸುಳಿವು ಓದುತ್ತಾಳೆ. ನಾವು ಕೂಗಿ ಹೇಳಿದ್ದನ್ನು ತುಂಬುತ್ತಾಳೆ. ನೂಲು ಸುತ್ತಲು ಬೆರಳೇ ಸಾಕು, ಹಾಗಾಗಿ ಆ ಕೆಲಸದಲ್ಲೂ ಯಾರಿಗೂ ಅನುಮಾನ ಬರಲಿಲ್ಲ.

ನಾನು ಮೊದಲು ಲಾರಿಯಲ್ಲಿ ಕ್ಲೀನರಾಗಿ ಅರ್ಧ ದೇಶ ತಿರುಗಿದವನು, ಹೀಗಾಗಿ ನದಿ, ಊರು, ಗುಡ್ಡ ನನ್ನ ಪಾಲು. ಗುಡಿ, ಶಿಲ್ಪ, ಚಿತ್ರ ಉಡಚಪ್ಪನ ಪಾಲು. ಸೆರಗಿನ ನಕ್ಷೆ ತಾನೇ ಬಿಡಿಸುತ್ತೇನೆಂದು ಅವನಿಗೆ ಜಂಬ. ಎಲ್ಲೋರಾದ ಒಂದೇ ಬಂಡೆಯ ಗುಡಿ ಅಂದರೆ ಸಾಕು, ನಾನು ಬಾಯಿ ತೆರೆಯುವ ಮೊದಲೇ ಕೈಲಾಸ ಅಂದುಬಿಡುತ್ತಾನೆ. ನನಗೆ ಮೈಯೆಲ್ಲ ಉರಿಯುತ್ತದೆ.

ಮಳೆಗಾಲ ಹಿಡಿದಾಗಿನಿಂದ ಪದಬಂಧದ ಧಾಟಿ ಬದಲಾಯಿತು. ಮೊದಲೆಲ್ಲ ರಷ್ಯಾದ ನದಿ, ಫ್ರಾನ್ಸಿನ ಚಿತ್ರಕಾರ ಎಂದು ತಲೆ ತಿನ್ನುತ್ತಿದ್ದ ಪೇಪರಿನವನು ಈಗ ನಮ್ಮ ಸೀಮೆಗೇ ಬಂದು ಕೂತಿದ್ದ. ಮಲಪ್ರಭೆ ತುಂಬಿದರೆ ಸೇತುವೆ ಮುಳುಗುವ ಊರು, ಮೂರು ಅಕ್ಷರ: ಕೊಣ್ಣೂರು. ಕೋಟೆಗುಡ್ಡದ ಬುಡದ ಊರು, ನಾಲ್ಕು ಅಕ್ಷರ: ನರಗುಂದ. ನಾನು ಪಟಪಟನೆ ಹೇಳಿದ್ದೇ ಹೇಳಿದ್ದು. ಪೇಪರಿನವರಿಗೆ ಕೊನೆಗೂ ಬುದ್ಧಿ ಬಂತು ಎಂದು ಬೀಗಿದ್ದೂ ಆಯಿತು. ಇದು ಸಾಲಿ ಹುಡುಗರ ಪದಬಂಧ ಎಂದು ಉಡಚಪ್ಪ ಮೂಗು ಮುರಿದ. ಹೊಟ್ಟೆಕಿಚ್ಚು, ಬೇರೇನಲ್ಲ ಅಂದುಕೊಂಡೆ.

ಮೊನ್ನೆ ಅಕ್ಕ ಪೇಪರಿನ ಧಾಟಿಯಲ್ಲೇ ಓದಿದಳು: "ಸೂಡಿಯಲ್ಲಿ ಮೆಟ್ಟಿಲಿಳಿದು ಹೋಗುವ ಕೆತ್ತನೆಯ ಹೊಂಡ. ಚಪ್ಪಲಿ ಬಿದ್ದರೆ ಸಿಗುವುದಿಲ್ಲ. ನಾಲ್ಕು ಅಕ್ಷರ."

ನಾಗಕುಂಡ ಎಂದು ಕೂಗಿದ ಉಡಚಪ್ಪ, ಪೇಪರಿನವನ ಚಪ್ಪಲಿಯೂ ಅಲ್ಲಿ ಬಿದ್ದಿರಬೇಕು ಎಂದು ನಕ್ಕ. ನನ್ನ ಕಾಲು ತುಳಿಹಲಗೆಯ ಮೇಲೆ ನಿಂತುಬಿಟ್ಟಿತು. ಆ ಚಪ್ಪಲಿ ನನ್ನದು. ಸಣ್ಣವನಿದ್ದಾಗ ಅಪ್ಪನ ಜೊತೆ ಅಕ್ಕ, ನಾನು ಹತ್ತಿರದ ಸೂಡಿಗೆ ಹೋಗಿದ್ದೆವು, ಹೊಸ ಚಪ್ಪಲಿ ನೀರಿಗೆ ಬಿತ್ತು. ಅಪ್ಪ ಹೊಡೆದಾನೆಂದು ಅಕ್ಕ ತಾನೇ ಬೀಳಿಸಿದೆ ಅಂದಳು. ತನ್ನ ಚಪ್ಪಲಿ ನನಗೆ ಹಾಕಿ, ಸುಡುವ ಬಿಸಿಲಲ್ಲಿ ಬರಿಗಾಲಿನಲ್ಲಿ ಮನೆಗೆ ನಡೆದಳು. ಅಪ್ಪ ಹೋದ ಮೇಲೆ, ನಮ್ಮಿಬ್ಬರನ್ನು ಬಿಟ್ಟರೆ ಇದು ಯಾರಿಗೂ ಗೊತ್ತಿಲ್ಲ.

ತಲೆಯೆತ್ತಿ ಅಕ್ಕನ ಕಡೆ ಸರಿಯಾಗಿ ನೋಡಿದೆ. ಪೇಪರನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದಳು. ಪದಬಂಧ ಇದ್ದ ಮಗ್ಗುಲು ನನ್ನ ಕಡೆಗಿತ್ತು, ಚೌಕಗಳಲ್ಲಿ ಒಂದಕ್ಷರವೂ ಇರಲಿಲ್ಲ. ಕಾಣದ ಕಣ್ಣು ಮುಚ್ಚಿಡಲು ಎಲ್ಲ ಸುಳಿವನ್ನೂ ತಲೆಯಿಂದ ಹೊಸೆದು ಹೇಳುತ್ತಿದ್ದಳು ನಮ್ಮಕ್ಕ.

ಉಡಚಪ್ಪ ರೊಟ್ಟಿ ತಿನ್ನಲು ಮನೆಗೆ ಹೋಗುವವರೆಗೂ ನಾನು ಮಗ್ಗ ತುಳಿಯುತ್ತಲೇ ಇದ್ದೆ. ಅವನ ಮುಂದೆ ಅಕ್ಕನ ಮಾನ ಕಳೆಯಲು ನಾನೇನು ಕತ್ತೆಯಲ್ಲ. ಅವನು ಹೋದದ್ದೇ ಕುಣಿಯಿಂದೆದ್ದು ಅವಳೆದುರು ಕೂತೆ.

"ಮೂರ ಅಕ್ಷರ," ಅಂದೆ. "ಪೊರಿ ತಗಸಾಕ ತಮ್ಮ ಅಕ್ಕನ್ನ ಕರಕೊಂಡ ಹೋಗೂ ಊರು."

ರಾಟೆ ನಿಂತಿತು. "ಅಂತಾದ್ದು ಇವತ್ತಿನ ಪೇಪರಿನ್ಯಾಗ ಇಲ್ಲ."

"ಹಂಗಾರ ಇದ್ದದ್ದ ಓದು."

ಅಕ್ಕ ಪೇಪರು ಎತ್ತಿಕೊಂಡಳು. ತಿರುಗಿಸಿದಳು. ಆಮೇಲೆ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು, ಬಾಯಿಗೆ ಬಂದಂತೆ ಬೈದೆ. ಇಷ್ಟು ದಿನ ಮುಚ್ಚಿಟ್ಟೆಯಲ್ಲ, ನಾವೇನು ಹೊರಗಿನವರೇ ಎಂದೆ.

"ಗಂಡ ಹ್ವಾದ ಮ್ಯಾಲೆ ನಿನ್ನ ಮನಿಗೆ ಬಂದೆ. ಒಂದ ದಿನಾನೂ ಸುಮ್ಮ ಕುಂತ ಉಂಡಿಲ್ಲ," ಅಂದಳು ಅಕ್ಕ. "ಆಪರೇಶನ್ ಮಾಡಿಸಿದ ಮ್ಯಾಲೂ ಕಣ್ಣ ಬರಲಿಲ್ಲಂದ್ರ? ಕುರುಡಿ ಅಂತ ಮೂಲಿಗೆ ಕುಂದ್ರಸ್ತೀರಿ. ಓದಾಕರೆ ನಾ ಬೇಕಾಗಿದ್ದೆ ನಿಮಗ."

"ಕಣ್ಣ ಬರಲಿಲ್ಲಂದ್ರ ಹಿಂಗ ಸುಳ್ಳ ಸುಳಿವು ಹೇಳ್ಕೋತ ಇಲ್ಲೇ ಕುಂದ್ರು. ಪೇಪರಿನವಗಿಂತ ನೀನ ಚಲೋ ಕೇಳ್ತಿ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಹುಬ್ಬಳ್ಳಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.

ಮರುದಿನ ಮುಂಜಾನೆ ಬನಶ್ರೀ ಬುತ್ತಿ ಕಟ್ಟಿ ಕೊಟ್ಟಳು. ಬಾಗಿಲಲ್ಲಿ ಅಕ್ಕ ಕಾಲಿನಿಂದ ಚಪ್ಪಲಿ ತಡಕುತ್ತಿದ್ದಳು. ನಾನು ಬಗ್ಗಿ ಅವಳ ಕಾಲಿಗೆ ಹಾಕಿದೆ.

"ನಿನ್ನವು?" ಅಂದಳು. "ಹಾಕ್ಕೊಂಡಿಯೇನ?"

"ಹಾಕ್ಕೊಂಡೀನಿ, ನೋಡಿಲ್ಲಿ," ಎಂದು ಕಾಲು ಮುಂದೆ ಚಾಚಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

ಅಕ್ಕ ನನ್ನ ಭುಜ ಹಿಡಿದು ಮೆಟ್ಟಿಲಿಳಿದಳು. "ಬರೂವಾಗ ನೋಡ್ತೀನಿ," ಅಂದಳು.