ಕೋಟಮ್ಮನ ತಿದ್ದುಪಡಿ

ಅವರು ನಡೆದರೆ ಸದ್ದಾಗುತ್ತಿರಲಿಲ್ಲ. ಮೊದಲು ಬೆರಳು, ಆಮೇಲೆ ಹಿಮ್ಮಡಿ, ನೆಲದ ಅಪ್ಪಣೆ ಕೇಳಿ ಹೆಜ್ಜೆಯಿಟ್ಟಂತೆ. ಕಾಡಿನಲ್ಲಿ ಕಲಿತ ಆ ನಡಿಗೆ ಟೆಲಿವಿಷನ್ ಕಚೇರಿಯ ನುಣುಪು ನೆಲದ ಮೇಲೂ ಬದಲಾಗದಿದ್ದುದರಿಂದ, ಅವರ ವಿಷಯವಾಗಿಯೇ ಸಾಗುತ್ತಿದ್ದ ಎಷ್ಟೋ ಚಾಡಿಮಾತುಗಳು ಅರ್ಧದಲ್ಲೇ ಉಸಿರು ಬಿಟ್ಟದ್ದುಂಟು. ಎಲ್ಲರೂ ಅವರಿಗೆ ಇಟ್ಟಿದ್ದ ಹೆಸರು ಕೋಟಮ್ಮ. ಅದು ಅವರ ಕಿವಿಗೆ ಬಿದ್ದು ವರ್ಷಗಳೇ ಆಗಿದ್ದವು. ಒಮ್ಮೆಯೂ ಮುಖ ಗಂಟಿಕ್ಕಿದವರಲ್ಲ.

ಕೋಟು ಮಣ್ಣಿನ ಬಣ್ಣದ್ದು, ನಾಲ್ಕು ಜೇಬಿನದು, ಮೊಣಕಾಲು ಮುಟ್ಟುವಂಥದು. ವನ್ಯಜೀವಿಗಳ ಚಿತ್ರ ತೆಗೆಯುವವರಿಗೆ ಒಂದು ಪೇಚಿದೆ. ನರಿ ಈ ತಿಂಗಳು ಕಾಣಿಸಿಕೊಂಡರೆ ಅದರ ಮರಿಗಳು ಇನ್ನಾರು ತಿಂಗಳಿಗೆ ದರ್ಶನ ಕೊಡುತ್ತವೆ. ಎರಡನ್ನೂ ಒಂದೇ ಕಥೆಯಾಗಿ ಹೊಂದಿಸಬೇಕಾದರೆ ನಿರೂಪಕಿ ಮೊದಲ ದಿನ ತೊಟ್ಟದ್ದನ್ನೇ ಕೊನೆಯ ದಿನವೂ ತೊಟ್ಟಿರಬೇಕು. ಮಿಕ್ಕವರು ಚಿತ್ರ ಮುಗಿದೊಡನೆ ಬಟ್ಟೆ ಬದಲಿಸಿ ನಿಟ್ಟುಸಿರು ಬಿಡುತ್ತಿದ್ದರು. ಇವರು ಮಾತ್ರ, ಹಳೆಯ ಚಿತ್ರಕ್ಕೆ ನಾಳೆ ಏನಾದರೂ ಸೇರಿಸಬೇಕಾಗಿ ಬಂದರೆ ಎಂಬ ಒಂದೇ ತರ್ಕದ ಮೇಲೆ, ಇಪ್ಪತ್ತಾರು ವರ್ಷ ಅದೇ ಕೋಟಿನಲ್ಲಿ ಕಳೆದರು. ಮನೆಯಲ್ಲಿ ಜೊತೆಗಿದ್ದ ಅವರ ಅಕ್ಕ ಹೊಲಿಗೆ ಕೆಲಸದವಳು. ಮೂರು ಸಲ ಒಳಪದರ, ಎರಡು ಸಲ ತೋಳು ಬದಲಿಸಿದ ಮೇಲೆ, ಮೂಲ ಕೋಟು ಉಳಿದಿರುವುದು ಕಾಲರಿನಲ್ಲಿ ಮಾತ್ರ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು.

ಅವರೇನೂ ನಿರೂಪಕಿಯಾಗಲೆಂದು ಬಂದವರಲ್ಲ. ಫಿಲ್ಮ್ ಡಬ್ಬಿಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದ್ದರು. ಒಂದು ದಿನ ಚಿತ್ರೀಕರಣಕ್ಕೆ ಹೋದಾಗ, ಮೇಘಗಂಭೀರ ಕಂಠದ ಅಂದಿನ ನಿರೂಪಕ ಮಹಾಶಯರು ಕಾಲಿಗೆ ಜಿಗಣೆ ಹತ್ತಿದ್ದೇ ವ್ಯಾನು ಹತ್ತಿ ಬಾಗಿಲು ಹಾಕಿಕೊಂಡುಬಿಟ್ಟರು. ಬೆಳಕು ಜಾರುತ್ತಿತ್ತು. ಕ್ಯಾಮೆರಾದವರು ಡಬ್ಬಿ ಹಿಡಿದು ನಿಂತಿದ್ದ ಇವರ ಕಡೆ ತಿರುಗಿ, "ನೀವೇ ಬಂದು ನಿಂತ್ಕೊಳ್ಳಿ. ಕಂಡಷ್ಟು ಹೇಳಿ, ಸಾಕು" ಎಂದರು. ಕಂಡಷ್ಟು ಹೇಳಿದರು. ಜನ ಮೆಚ್ಚಿದರು.

ಆ ಮಾತೇ ಮುಂದೆ ಅವರ ವ್ರತವಾಯಿತು. ನಿರ್ಮಾಪಕಿಯಾದ ಮೇಲೆ, ಬರೆದುಕೊಂಡು ಬಂದವರ ಹಾಳೆಯಲ್ಲಿ 'ಶೋಕತಪ್ತ ತಾಯಿ ಜಿಂಕೆ' ಎಂದಿದ್ದರೆ ಕೆಂಪು ಪೆನ್ಸಿಲು ಎರಡು ಪದ ಹೊಡೆದು 'ಜಿಂಕೆ' ಒಂದನ್ನು ಉಳಿಸುತ್ತಿತ್ತು. ಮನೆಯಲ್ಲೂ ಬಿಡುಗಡೆಯಿಲ್ಲ. ಪಕ್ಕದ ಮನೆಯವಳಿಗೆ ನಮ್ಮ ಮೇಲೆ ಸಿಟ್ಟು ಎಂದು ಅಕ್ಕ ಹೇಳಿದರೆ, ಸಿಟ್ಟು ಕಂಡೆಯಾ ಬರೀ ಮುಖ ಕಂಡೆಯಾ ಎಂಬ ಪ್ರಶ್ನೆ ಬರುತ್ತಿತ್ತು. ಇಂಥವರೊಡನೆ ಸಂಸಾರ ಮಾಡಿದ ಅಕ್ಕನ ತಾಳ್ಮೆಗೂ ಒಂದು ಪ್ರಶಸ್ತಿ ಸಲ್ಲಬೇಕಿತ್ತೆಂದು ನನ್ನ ಅಭಿಪ್ರಾಯ.

ಇಷ್ಟು ಕಟ್ಟುನಿಟ್ಟಿನವರೂ ಒಮ್ಮೆ ಎಡವಿದರು. ಕೆಂಪು ಕಾಲಿನ ಪುಟ್ಟ ಹಕ್ಕಿಯೊಂದನ್ನು ಅರಸಿ ಮೂರು ವರ್ಷ ಒಂದು ಜೌಗುನೆಲ ಸುತ್ತಿದರು; ಹಕ್ಕಿ ಸಿಗಲಿಲ್ಲ. ಕೊನೆಯ ದಿನ ಸಂಜೆಬೆಳಕಿನಲ್ಲಿ ಏರಿಯ ಮೇಲೆ ನಿಂತು, ಕ್ಯಾಮೆರಾ ನೋಡಿ, "ಈ ಹಕ್ಕಿ ಇನ್ನಿಲ್ಲ" ಎಂದರು. ನೋಡಿದವರೆಲ್ಲ ಕಣ್ಣೊರೆಸಿಕೊಂಡರು. ಪ್ರಶಸ್ತಿಗಳು ಬಂದವು, ಶಾಲೆಗಳಲ್ಲಿ ಚಿತ್ರ ತೋರಿಸಿದರು. ಅದು ಕಂಡ ಮಾತಲ್ಲ, ಕಾಣದ ಮಾತು ಎಂದು ಯಾರಿಗೂ ಹೊಳೆಯಲಿಲ್ಲ, ಅವರಿಗೂ.

ಹನ್ನೊಂದು ವರ್ಷದ ಮೇಲೆ, ನಿವೃತ್ತಿಗೆ ಮುಂಚೆ ಕಪಾಟು ಬರಿದು ಮಾಡುವಾಗ, ವೀಕ್ಷಕರ ಪತ್ರಗಳ ಕಟ್ಟಿನಲ್ಲಿ ಒಂದೇ ಕೈಬರಹದ ಹನ್ನೊಂದು ಪತ್ರಗಳು ಸಿಕ್ಕವು. ಬರೆದವರು ಆ ಜೌಗಿನ ತೂಬನ್ನು ಎತ್ತಿಳಿಸುವ ನೀರಗಂಟಿ. ಹಕ್ಕಿ ಇಲ್ಲೇ ಇದೆ, ಬಂದು ನೋಡಿ ಎಂದು ವರ್ಷಕ್ಕೊಂದು ಪತ್ರ. ಪ್ರತಿಯೊಂದಕ್ಕೂ 'ಕಾರ್ಯಕ್ರಮ ವೀಕ್ಷಿಸಿದ್ದಕ್ಕೆ ಧನ್ಯವಾದಗಳು' ಎಂಬ ಅಚ್ಚಿನ ಕಾರ್ಡು ಕಚೇರಿಯಿಂದ ಹೋಗಿತ್ತು. ಮೊದಲ ಪತ್ರವನ್ನು ಅವರು ಸ್ವತಃ ಓದಿದ್ದರು. ಬೇರೆ ಯಾವುದೋ ಹಕ್ಕಿ ಕಂಡಿರಬೇಕು, ಪಾಪ, ಎಂದುಕೊಂಡು ಕಟ್ಟಿಗೆ ಸೇರಿಸಿದ್ದು ಈಗ ನೆನಪಾಯಿತು. ಕೊನೆಯ ಪತ್ರದಲ್ಲಿ ನಾಲ್ಕೇ ಸಾಲು: ಜೌಗಿಗೆ ಮಣ್ಣು ತುಂಬಲು ಬಂದಿದ್ದಾರೆ. ಹಕ್ಕಿ ಇದೆ ಎಂದೆ. ಇಲ್ಲವೆಂದು ನೀವೇ ಹೇಳಿದ್ದೀರಂತೆ. ನಿಮ್ಮ ಚಿತ್ರವನ್ನೇ ತೋರಿಸಿದರು.

ಅವರು ಹನ್ನೊಂದು ಪತ್ರಗಳನ್ನೂ ಕೋಟಿನ ಜೇಬಿಗೆ ಹಾಕಿಕೊಂಡರು. ಆ ವಾರವೇ ಹಳೆಯ ಕ್ಯಾಮೆರಾದವರನ್ನು ಹೊರಡಿಸಿಕೊಂಡು ಜೌಗಿಗೆ ಹೋದರು. ತೂಬಿನ ಪಕ್ಕದ ತಗಡಿನ ಕೋಣೆಯ ಹಿಂದೆ ಎರಡು ಬೆಳಗು ಕಾದದ್ದು ದಂಡವಾಯಿತು. ಮೂರನೆಯ ಬೆಳಗು ಹುಲ್ಲು ಸರಿದು, ಕೆಂಪು ಕಾಲೆರಡು ಕೆಸರಿನ ಮೇಲೆ ನಾಲ್ಕು ಹೆಜ್ಜೆ ನಡೆದು ಮರೆಯಾದವು. ಜೊತೆಯಲ್ಲಿ ಕಾದಿದ್ದ ನೀರಗಂಟಿ, "ನಾನು ಓದಿದೋನಲ್ಲ ಅಂತ ನಂಬ್ಲಿಲ್ವೇನಮ್ಮ?" ಎಂದು ಕೇಳಿದರು.

"ಹೌದು" ಎಂದರು ಕೋಟಮ್ಮ. "ಅದೇ ಕಾರಣ. ತಪ್ಪಾಯ್ತು."

ವಾಹಿನಿಯ ಮುಖ್ಯಸ್ಥರಿಗೆ ಈ ಸುದ್ದಿ ಹಬ್ಬದೂಟವಾಗಿ ಕಂಡಿತು. ಹಳೆಯದನ್ನು ಕೆದಕುವುದು ಬೇಡ, ಮರಳಿ ಬಂದ ಹಕ್ಕಿಯೆಂದು ಹೊಸ ಚಿತ್ರವನ್ನೇ ಮಾಡೋಣ, ಹಾವೂ ಸಾಯುವುದಿಲ್ಲ ಕೋಲೂ ಮುರಿಯುವುದಿಲ್ಲ ಎಂದರು. "ಅದು ಮರಳಿ ಬಂದಿಲ್ಲ, ಸಾರ್. ಹೋಗೇ ಇರ್ಲಿಲ್ಲ" ಎಂದ ಕೋಟಮ್ಮ, ಹಳೆಯ ಚಿತ್ರವನ್ನೇ ತಿದ್ದದ ಹೊರತು ಹಕ್ಕಿಯ ಒಂದು ಚೂರು ದೃಶ್ಯವನ್ನೂ ಕೊಡುವುದಿಲ್ಲವೆಂದು ಪಟ್ಟು ಹಿಡಿದರು. ಮುಖ್ಯಸ್ಥರು ಎಂಟು ದಿನ ಮಾತು ಬಿಟ್ಟು, ಕೊನೆಗೆ ಒಪ್ಪಿದರು.

ಅಕ್ಕ ಕೋಟಿನ ಪಕ್ಕದ ಹೊಲಿಗೆ ಬಿಚ್ಚಿ ಎರಡು ಬೆರಳು ಸಡಿಲಿಸಿಕೊಟ್ಟಳು. ಅದೇ ಏರಿ, ಅದೇ ಸಂಜೆಬೆಳಕು. ಆ ಚಿತ್ರವನ್ನು ಈಗ ನೋಡಿದರೆ, ಕಪ್ಪು ಕೂದಲಿನ ಹೆಂಗಸು "ಈ ಹಕ್ಕಿ ಇನ್ನಿಲ್ಲ" ಎನ್ನುತ್ತಾಳೆ; ಕಣ್ಣು ಮಿಟುಕಿಸುವಷ್ಟರಲ್ಲಿ ಕೂದಲು ಬಿಳಿಯಾಗಿದೆ, ಕೋಟು ಮಾತ್ರ ಅದೇ. "ನಾನು ಹೇಳಿದ್ದು ತಪ್ಪು. ಇದು ಇಲ್ಲೇ ಇತ್ತು. ತೂಬಿನವರು ಕಂಡಿದ್ದರು, ನಾನು ಕಂಡಿರಲಿಲ್ಲ." ಪ್ರಶಸ್ತಿಯೊಂದನ್ನು ಕೊಟ್ಟವರು ಹಿಂದಕ್ಕೆ ಕೇಳಿದರು, ಹಿತ್ತಲ ಬಾಗಿಲು ಮುಚ್ಚದಂತೆ ಅಕ್ಕ ಒತ್ತಾಗಿ ಇಟ್ಟಿದ್ದ ಅದನ್ನು ಧೂಳೊರೆಸಿ ಕಳಿಸಿದರು. ಮಣ್ಣು ತುಂಬುವ ಕೆಲಸ ಏರಿಯ ಆಚೆಗೇ ನಿಂತಿತು.

ನೋಡುವುದನ್ನೇ ಕಸುಬಾಗಿಸಿಕೊಂಡವರಿಗೆ ಒಂದು ಅಪಾಯ ತಪ್ಪಿದ್ದಲ್ಲ: ಕಣ್ಣು ಚುರುಕಾದಷ್ಟೂ, ತಾವು ಕಾಣದ್ದು ಲೋಕದಲ್ಲೇ ಇಲ್ಲವೆಂಬ ಭ್ರಮೆ ಮೆಲ್ಲನೆ ಒಳಹೊಕ್ಕು ಕೂರುತ್ತದೆ. ಗೊತ್ತಾದ ಮೇಲೆ ಹೆಚ್ಚಿನವರು ಹೊಸ ವೇಷ ತೊಟ್ಟು ಹೊಸ ಕಥೆ ಹೇಳುತ್ತಾರೆ. ತಪ್ಪಿದ ಜಾಗಕ್ಕೇ ಹಿಂದಿರುಗಿ, ಎಲ್ಲರಿಗೂ ಗುರುತು ಸಿಗುವ ಹಾಗೆ ಅದೇ ಕೋಟು ತೊಟ್ಟು ನಿಲ್ಲುವವರು, ಆ ಕೆಂಪು ಕಾಲಿನ ಹಕ್ಕಿಯ ಹಾಗೆ, ಕಾಣಸಿಗುವುದು ಅಪರೂಪ. ಇಲ್ಲವೆಂದು ಮಾತ್ರ ನಾನು ಹೇಳಲಾರೆ.