ಒಂದೇ ಸಲ ಕೇಳಿದ್ದು

ಪ್ಲಾಸೆನ್ಸಿಯಾದಲ್ಲಿ ರೈಲು ಹತ್ತುವಾಗ ಕಸಿಲ್ದಾಳ ಚೀಲದಲ್ಲಿ ತಂಗಿ ಕಟ್ಟಿಕೊಟ್ಟ ಬುತ್ತಿಯಿತ್ತು. ಆಲೂಗಡ್ಡೆ, ಮೊಟ್ಟೆ ಹಾಕಿ ದಪ್ಪಗೆ ಬೇಯಿಸಿದ ತೋರ್ತಿಯಾ, ಜೊತೆಗೆ ಬ್ರೆಡ್ಡು, ಒಂದಿಷ್ಟು ಅಂಜೂರ. ಹಸಿವೇನೂ ಇರಲಿಲ್ಲ. ಆದರೂ ಕಾಸೆರೆಸ್ ದಾಟಿದ ಮೇಲೆ, ಒಣಗಿದ ಬಯಲನ್ನು ಎಷ್ಟು ಹೊತ್ತು ನೋಡುವುದೆಂದು ಬೇಸರವಾಗಿ, ಬುತ್ತಿ ಬಿಚ್ಚಿದಳು.

ಎದುರಿಗೆ ಜನ ಕೂತಿರುವಾಗ ಒಬ್ಬಳೇ ತಿನ್ನುವುದುಂಟೇ? ಮೊದಲು ಪಕ್ಕದಲ್ಲಿದ್ದ ಲೆಯೊಕಾದಿಯೊ ಮಾಮನ ಕಡೆ ಚಾಚಿದಳು. ಅವನು ಅವಳ ಬೀದಿಯವನೇ, ಕೆಲಸ ಬಿಟ್ಟ ಕ್ಷೌರಿಕ.

"ತಗೋ ಮಾಮ."

"ಬೇಡ ತಾಯಿ, ನೀನು ತಿನ್ನು."

"ಒಂದು ತುಂಡು."

"ಹೊಟ್ಟೆ ತುಂಬಿದೆ."

"ತಗೋ ಅಂದ್ರೆ ತಗೋಬೇಕು. ನನ್ನ ತಂಗಿ ವಿಷ ಹಾಕಿಲ್ಲ!"

"ನಿನ್ನ ಬಾಯಿಗೆ ಹೆದರಿ ತಿಂತೀನಪ್ಪಾ" ಎಂದು ಮುದುಕ ಎಲ್ಲಕ್ಕಿಂತ ದೊಡ್ಡ ತುಂಡನ್ನೇ ಎತ್ತಿಕೊಂಡ.

ಕಿಟಕಿಯ ಪಕ್ಕ ಒಬ್ಬ ಪರದೇಶದ ಹುಡುಗಿ ಕೂತಿದ್ದಳು. ಹೆಗಲಚೀಲ, ಬಿಸಿಲಿಗೆ ಕೆಂಪಾದ ಮೂಗು. ಕಸಿಲ್ದಾ ಅವಳ ಕಡೆಗೂ ಚಾಚಿ, "ತಗೋ ಮಗಳೇ" ಎಂದಳು.

"ಬೇಡಮ್ಮ, ತುಂಬಾ ಉಪಕಾರ. ನೀವು ಸುಖವಾಗಿ ಊಟ ಮಾಡಿ" ಎಂದಳು ಹುಡುಗಿ.

ಎಷ್ಟು ನಯವಾದ ಮಾತು! ಇಲ್ಲೇ ಹುಟ್ಟಿ ಬೆಳೆದವಳು ಹೇಳಿದ ಹಾಗಿತ್ತು. ಕಸಿಲ್ದಾ ಮತ್ತೆ ಕೇಳಲಿಲ್ಲ. ಅವಳ ಮಗಳು ನಿಯೆವೆಸ್ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಳು. ಉತ್ತರದ ದೇಶಗಳವರು ಬೇಡ ಅಂದರೆ ಬೇಡ ಅಂತಲೇ ಅರ್ಥ, ಒತ್ತಾಯ ಮಾಡಿದರೆ ಮುಖ ಸಿಂಡರಿಸುತ್ತಾರೆ ಎಂದು ಅವಳು ಎಷ್ಟೋ ಸಲ ಹೇಳಿದ್ದಳು.

ಹುಡುಗಿಯ ಹೆಸರು ಸಿಗ್ನೆ, ದೇಶ ಡೆನ್ಮಾರ್ಕು.

"ಹೇಗಿದೆ ನಮ್ಮ ದೇಶ?" ಎಂದು ಮಾಮ ಬಾಯಿ ಒರೆಸಿಕೊಳ್ಳುತ್ತ ಕೇಳಿದ.

"ಎಲ್ಲರೂ ಒಟ್ಟಿಗೇ ಮಾತಾಡ್ತೀರಿ, ಆದರೂ ಎಲ್ಲರಿಗೂ ಎಲ್ಲ ಕೇಳಿಸುತ್ತೆ. ಹೋಗಿಬರ್ತೀನಿ ಅಂದಮೇಲೆ ಬಾಗಿಲಲ್ಲಿ ಅರ್ಧ ಗಂಟೆ ನಿಲ್ತೀರಿ." ಹುಡುಗಿ ನಕ್ಕಳು. "ಊಟದ ಹೊತ್ತು ಮಾತ್ರ ನಂಗಿನ್ನೂ ಹೊಂದಿಲ್ಲ. ನಂಗೆ ಹಸಿವಾದಾಗ ನಿಮ್ಮ ಖಾನಾವಳಿ ಮುಚ್ಚಿರುತ್ತೆ, ಅದು ತೆರೆಯೋ ಹೊತ್ತಿಗೆ ನಂಗೆ ನಿದ್ದೆ. ಇವತ್ತೂ ಹೋಗಿ ನೋಡಿದರೆ ಬೀದಿಗೆ ಬೀದಿಯೇ ಬಾಗಿಲು ಹಾಕಿಕೊಂಡಿತ್ತು."

"ಮಧ್ಯಾಹ್ನ ಊರೆಲ್ಲ ನಿದ್ದೆ ಮಾಡೋ ಹೊತ್ತಲ್ಲಿ ಊಟ ಕೇಳಿದ್ರೆ ದೇವರೂ ಕದ ತೆಗೆಯೋದಿಲ್ಲ" ಎಂದ ಮಾಮ. ಕಸಿಲ್ದಾಳೂ ನಕ್ಕಳು.

"ಬಂದ ಹೊಸದರಲ್ಲಿ ಒಂದು ಪೆದ್ದ ಕೆಲಸ ಮಾಡಿದ್ದೆ. ತೋಟದಲ್ಲಿ ಒಂದು ಮನೆಯವರು ಊಟಕ್ಕೆ ಕೂತಿದ್ರು. ಬಾ ಅಂದ್ರು. ನಾನು ಹೋಗಿ ಕೂತು ಉಂಡೇಬಿಟ್ಟೆ! ಅದು ಬಾಯಿಮಾತಿನ ಉಪಚಾರ, ಬೇಡ ಅನ್ನಬೇಕು ಅಂತ ಆಮೇಲೆ ನಾನು ಬಾಡಿಗೆಗಿರೋ ಮನೆ ಒಡತಿ ಹೇಳಿದ್ರು. ಎಷ್ಟು ನಾಚಿಕೆ ಆಯ್ತು ಗೊತ್ತಾ? ಈಗ ತಪ್ಪೋದಿಲ್ಲ."

"ಈಗ ನೀನು ನಮ್ಮವಳೇ ಆದೆ ಬಿಡು!" ಎನ್ನುತ್ತ ಕಸಿಲ್ದಾ ಉಳಿದ ಅರ್ಧ ತೋರ್ತಿಯಾವನ್ನು ಕಾಗದದಲ್ಲಿ ಸುತ್ತಿ ಚೀಲಕ್ಕಿಟ್ಟಳು. ಹುಡುಗಿಯ ಕಣ್ಣು ಆ ಕಾಗದದ ಹಿಂದೆಯೇ ಚೀಲದವರೆಗೂ ಹೋಗಿ, ಆಮೇಲೆ ಕಿಟಕಿಯತ್ತ ತಿರುಗಿತು. ಕಸಿಲ್ದಾ ಅದನ್ನು ಕಂಡಳು. ಚೀಲದ ಕಸೂತಿ ಹಿಡಿಸಿರಬೇಕು ಎಂದುಕೊಂಡಳು.

ಮೆರಿದಾ ಬಂತು. ಹುಡುಗಿಯ ಎರಡೂ ಕೆನ್ನೆಗೆ ಮುತ್ತಿಟ್ಟು, "ದೇವರು ಚೆನ್ನಾಗಿಟ್ಟಿರಲಿ" ಎಂದು ಕಸಿಲ್ದಾ ಮಾಮನ ಜೊತೆ ಇಳಿದಳು. ಹುಡುಗಿಯನ್ನು ಹೊತ್ತು ರೈಲು ಬಾದಾಖೋಸ್ ಕಡೆ ಹೊರಟಿತು.

"ಪಾಪ," ಎಂದ ಮಾಮ, ಅದರ ಬಾಲ ಮರೆಯಾಗುವುದನ್ನು ನೋಡುತ್ತ. "ದಾರಿಯುದ್ದಕ್ಕೂ ಆ ಕೂಸಿನ ಹೊಟ್ಟೆ ಗುರುಗುಡ್ತಿತ್ತು. ನನ್ನ ಈ ಕಿವುಡು ಕಿವಿಗೇ ಕೇಳಿಸ್ತು."

ಕಸಿಲ್ದಾ ನಿಂತುಬಿಟ್ಟಳು. "ಮತ್ತೆ ಬಾಯಿ ಬಿಡೋದಕ್ಕೇನಾಗಿತ್ತು ನಿನಗೆ?"

"ತೋರ್ತಿಯಾ ನಿಂದು. ಬೇರೆಯವರ ಬುತ್ತಿ ಹಂಚೋಕೆ ನಾನ್ಯಾರು? ಇನ್ನೊಂದು ಸಲ ಕೇಳ್ತೀಯ ಅಂತ ಕಾದೆ. ನೀನು ಕಟ್ಟಿಟ್ಟೆ."

"ಅವಳು ಬೇಡ ಅಂದಳಲ್ಲ!"

"ನಾನೂ ಅಂದಿದ್ದೆ" ಎಂದ ಮಾಮ.

ಮನೆಯ ದಾರಿಯಲ್ಲಿ ಕಸಿಲ್ದಾ ಮಾಮನಿಗಿಂತ ಮುಂದೆ ಮುಂದೆ ನಡೆದಳು. ಬಾದಾಖೋಸಿನಲ್ಲಿ ಯಾವನಾದರೂ ಒಂದು ಬ್ರೆಡ್ಡು ಕೊಡದಿರಲಾರ, ಹುಡುಗಿ ಉಪವಾಸವೇನೂ ಸಾಯುವುದಿಲ್ಲ. ಅದಲ್ಲ. ಅವಳು ಇಲ್ಲಿನವಳೇ ಆಗಿದ್ದರೆ ತಾನು ಗದರಿಸಿ, ಕೈ ಹಿಡಿದು, ಬಾಯಿಗೇ ತುರುಕುತ್ತಿದ್ದಳಲ್ಲ! ಇಡೀ ಮನೆಗೆ, ನೆರೆಗೆ, ಹೆಣ ಕಾಯಲು ಬಂದವರಿಗೂ ಉಣ್ಣಿಸಿದ ಕೈ ಇದು. ಆ ಹುಡುಗಿ ತನ್ನೂರಿಗೆ ಹೋಗಿ ಏನೆಂದಾಳು? 'ಅಲ್ಲಿನ ಹೆಂಗಸರು ಬೇಕೇ ಎಂದು ಕೇಳುತ್ತಾರೆ, ಕೊಡುವುದಿಲ್ಲ.' ಹೀಗೆ ಅಂದರೆ ಸುಳ್ಳೆನ್ನಲು ತನಗೆ ಬಾಯಿದೆಯೇ?

ಮನೆಯಲ್ಲಿ ನಿಯೆವೆಸ್ ಬಟ್ಟೆ ಮಡಚುತ್ತಿದ್ದಳು. ಕಸಿಲ್ದಾ ಕಾಗದ ಬಿಚ್ಚಿ ಅವಳ ಮುಂದಿಟ್ಟಳು.

"ತಿನ್ನು."

"ಬೇಡಮ್ಮ, ಈಗ ತಾನೇ ಕಾಫಿ ಆಯ್ತು."

"ಒಂದು ಚೂರು ತಿನ್ನೇ."

"ಬೇಡ ಅಂದೆನಲ್ಲ."

"ನಿನ್ನ ಚಿಕ್ಕಮ್ಮ ಮಾಡಿದ್ದು, ತಿನ್ನು ಅಂದ್ರೆ…" ಮೂರನೆಯ ಸಲಕ್ಕೆ ಅವಳು ಮಾತನ್ನು ಅರ್ಧಕ್ಕೇ ಬಿಟ್ಟು ಕಾಗದವನ್ನು ಮಗಳತ್ತ ಇನ್ನಷ್ಟು ಸರಿಸಿದಳು.

ನಿಯೆವೆಸ್ ಮಡಚುತ್ತಿದ್ದ ಅಂಗಿಯನ್ನು ಕೆಳಗಿಟ್ಟಳು. ತಾಯಿಯ ಮುಖವನ್ನೇ ನೋಡುತ್ತ ಒಂದು ತುಂಡು ಮುರಿದುಕೊಂಡಳು.

"ಏನಾಯ್ತಮ್ಮ?"

"ಏನಿಲ್ಲ. ನೀನು ತಿನ್ನು."