ಹತ್ತನೇ ನಂಬರಿನ ಶೂ

ಗಂಡನ ಮಣ್ಣು ಮುಗಿದ ಮಾರನೆಯ ದಿನ ಬೆಳಿಗ್ಗೆ ಐದೂವರೆಗೆ ರೆಸಾರ್ಟಿನ ವ್ಯಾನು ಬೀದಿ ತಿರುವಿನಲ್ಲಿ ನಿಂತು ಎಂದಿನಂತೆ ಎರಡು ಸಲ ಹಾರ್ನ್ ಹೊಡೆಯಿತು. "ಏಳಿ, ವ್ಯಾನ್ ಬಂತು," ಎಂದಳು ಅವಳು, ಎಂದಿನಂತೆ. ಹಾಸಿಗೆಯ ಆ ಬದಿ ಖಾಲಿಯಿತ್ತು.

ಕೆಳಗಿಳಿದಾಗ ಡ್ರೈವರ್ ತಲೆ ಎತ್ತಲಿಲ್ಲ.

"ತಪ್ಪಾಯ್ತಕ್ಕ. ಕೈ ತಾನಾಗೇ ಹಾರ್ನ್ ಮೇಲೆ ಹೋಯ್ತು."

"ಇರಲಿ. ಹೇಗೂ ನಾನು ಬರಬೇಕಿತ್ತು. ಮ್ಯಾನೇಜರ್ ಕರೆಸಿದಾರೆ."

ವ್ಯಾನಿನಲ್ಲಿ ಅವಳ ಮಡಿಲಲ್ಲಿ ಆಸ್ಪತ್ರೆಯವರು ಕೊಟ್ಟ ಚೀಲ. ಅದರಲ್ಲಿ ಒಂದು ಜೊತೆ ಕಪ್ಪು ಶೂ.

ಗಂಡ ಸೀಸನ್ ಅಡುಗೆಯವನು. ನಾಲ್ಕು ತಿಂಗಳು, ದಿನಕ್ಕೆ ಹದಿನಾಲ್ಕು ಗಂಟೆ, ಕರಿಯುವ ಎಣ್ಣೆಯ ಮುಂದೆ. ಜಾರದ ಶೂ ಕೊಡುವುದು ಕಾಯಂ ನೌಕರರಿಗೆ ಮಾತ್ರ. ಅದಕ್ಕೇ ಅಡುಗೆಮನೆಯವರು ತಮ್ಮತಮ್ಮಲ್ಲೇ ಒಂದು ಕಟ್ಟಲೆ ಮಾಡಿಕೊಂಡಿದ್ದರು: ಯಾರದೇ ಆಗಲಿ, ಶೂ ಎಣ್ಣೆಯ ಮುಂದೆ ನಿಂತವನ ಕಾಲಿಗೆ, ತರಕಾರಿ ಹೆಚ್ಚುವವನಿಗೆ ಚಪ್ಪಲಿ ಸಾಕು. ಇವನಿಗೆ ಸಿಕ್ಕಿದ್ದು ತರಕಾರಿ ಮೇಜಿನ ಅಣ್ಣನದು. "ಅವನದು ಕಾಲಲ್ಲ ಕಣೇ, ದೋಣಿ," ಎಂದು ನಗುತ್ತಿದ್ದ. ಅದು ಹತ್ತನೇ ನಂಬರು. ಇವನದು ಏಳು. ಬೆರಳ ಕಡೆ ಹಳೇ ದಿಂಬಿನ ಕವರ್ ಹರಿದು ತುರುಕಿಕೊಟ್ಟವಳು ಅವಳೇ. ಆ ದೊಗಳೆ ಶೂನಲ್ಲೇ, ಕುದಿಯುವ ಎಣ್ಣೆಯ ಪಾತ್ರೆ ಹಿಡಿದು, ಅವನು ಎಡವಿದ್ದು.

"ಓದಿದವರು ನೀವು. ಬಿಡಿಸಿ ಹೇಳಬೇಕಾಗಿಲ್ಲ," ಮ್ಯಾನೇಜರ್ ಕಾಗದ ಸರಿಸಿದ.

'ಸಂಸ್ಥೆಯು ಮೃತನಿಗೆ ಆತನ ಅಳತೆಯ ಶೂ ನೀಡಿತ್ತು. ಅಜಾಗರೂಕತೆ ಆತನದೇ.' ಕೆಳಗೆ ಅವಳ ಸಹಿಗೆ ಜಾಗ.

ಅವಳು ಶೂ ತೆಗೆದು ಮೇಜಿನ ಮೇಲಿಟ್ಟಳು. "ಇದಾ ನೀವು ಕೊಟ್ಟಿದ್ದು?"

ಶೂ ಒಳಗೆ ಅಚ್ಚೊತ್ತಿದ್ದ ನೌಕರನ ಸಂಖ್ಯೆ ನೋಡಿ ಅವನ ದನಿ ಬದಲಾಯಿತು. "ಇದು ಬೇರೆಯವರದು. ಕದ್ದಿರಬೇಕು. ಅದನ್ನೂ ಬರೀಬೇಕಾಗುತ್ತೆ. ಸತ್ತವರ ಮರ್ಯಾದೆ, ಯೋಚನೆ ಮಾಡಿ."

ಅವಳಿಗೆ ಅಳು ಬರಲಿಲ್ಲ. ಮೂರು ದಿನದಿಂದಲೂ ಬಂದಿರಲಿಲ್ಲ. ಕಾಗದವನ್ನೂ ಶೂಗಳನ್ನೂ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ಮ್ಯಾನೇಜರ್ ಹಿಂದೆಯೇ ಬಂದ.

ತಿಂಡಿಯ ಹೊತ್ತು. ನೆಲವೆಲ್ಲ ಜಿಡ್ಡು. ತರಕಾರಿ ಮೇಜಿನ ಹಿಂದೆ ಭಾರೀ ಆಳೊಬ್ಬ, ರಬ್ಬರ್ ಚಪ್ಪಲಿಯಲ್ಲಿ.

"ಅಣ್ಣಾ, ಇದು ನಿಮ್ಮದಾ?"

ಚಾಕು ನಿಂತಿತು. ಶೂ ಬೇರೆಯವರಿಗೆ ಕೊಟ್ಟರೆ ಕೆಲಸದಿಂದ ತೆಗೆಯುತ್ತೇವೆಂದು ಬಾಗಿಲಿಗೇ ಚೀಟಿ ಅಂಟಿಸಿದ್ದರು.

"ಹೇಳಯ್ಯ, ಅವನು ಕದ್ದಿದ್ದ ತಾನೇ?" ಎಂದ ಮ್ಯಾನೇಜರ್.

ಆಳು ತನ್ನ ಚಪ್ಪಲಿ ನೋಡಿಕೊಂಡ.

"ನಾನೇ ಕೊಟ್ಟೆ. ನೀವು ಕೊಡಲಿಲ್ಲ, ಅದಕ್ಕೆ."

ಒಲೆಯ ಕಡೆಯಿಂದ ಒಬ್ಬಳು ಹೇಳಿದಳು, "ನನ್ನ ಕಾಲಲ್ಲಿರೋದೂ ಎರವಲೇ ಸಾರ್. ಬರ್ಕೊಳ್ಳಿ."

"ನನಗೆ ಎರವಲೂ ಸಿಕ್ಕಿಲ್ಲ," ಎಂದ ಪಾತ್ರೆ ತೊಳೆಯುವವ. ಯಾರೋ ನಕ್ಕರು. ಒಂದು ಒಲೆ ಆರಿತು. ಇನ್ನೊಂದೂ ಆರಿತು.

ಅವಳು ಅಚ್ಚಾದ ಸಾಲುಗಳ ಮೇಲೆ ಗೀಟು ಎಳೆದು ಬರೆದಳು: 'ಶೂ ಎರವಲು ತಂದದ್ದು. ಇಂದು ಅದರ ಒಡೆಯನಿಗೆ ಮರಳಿಸಿದ್ದೇನೆ.' ಅಣ್ಣ ಕೈ ಒರೆಸಿಕೊಂಡು ಸಹಿ ಹಾಕಿದ. ಒಲೆಯವಳು ಪೆನ್ನಿಗೆ ಕೈ ಚಾಚಿದಳು.

ಅವಳು ಕುಕ್ಕರುಗಾಲಲ್ಲಿ ಕೂತು ಶೂನ ತುದಿಯಿಂದ ದಿಂಬಿನ ಬಟ್ಟೆ ಹೊರಗೆಳೆದಳು. ಎಣ್ಣೆ ಕುಡಿದು ಗಟ್ಟಿಯಾಗಿತ್ತು. ಅದನ್ನು ಮುಷ್ಟಿಯಲ್ಲಿಟ್ಟುಕೊಂಡು, ಶೂಗಳನ್ನು ಅಣ್ಣನ ಕಾಲಿನ ಬಳಿ ಸರಿಸಿದಳು.

"ಹಾಕ್ಕೊಳ್ಳಿ ಅಣ್ಣಾ. ನೆಲ ಜಾರುತ್ತೆ."